ಮನೆಯವರೆಲ್ಲರ ಕಾರು, ಒಬ್ಬರ ಹೆಸರು

ಕೂಡಿ ಬಾಳುವ ಮನೆಯಲ್ಲಿ ಇದು ನನ್ನದು, ಅದು ನಿನ್ನದು ಎಂಬ ಮಾತು ಹುಟ್ಟುವುದು ಕಡಿಮೆ. ಗದಗಿನ ನಮ್ಮ ಮನೆಯಲ್ಲಿಯೂ ಹಾಗೆಯೇ ನಡೆದು ಬಂದಿತ್ತು. ಅಣ್ಣನವರದು ಎ.ಪಿ.ಎಂ.ಸಿ. ಪ್ರಾಂಗಣದಲ್ಲಿ ದಲಾಲಿ ಅಂಗಡಿ, ನಮ್ಮದು ಮಾಸ್ತರಿಕೆ. ಒಲೆ ಒಂದೇ, ದೇವರ ಜಗಲಿ ಒಂದೇ. 2016ರ ಯುಗಾದಿಯಂದು ಅಂಗಳಕ್ಕೆ ಕಾರು ಬಂದಾಗ ಅದೂ ಮನೆಯ ಕಾರೇ ಆಯಿತು. ಮುಂಗಡದ ಅರ್ಧ ಹಣವನ್ನು ನಾವು ಭವಿಷ್ಯ ನಿಧಿಯಿಂದ ತೆಗೆದು ಕೊಟ್ಟೆವು, ಉಳಿದರ್ಧವನ್ನು ಅಣ್ಣನವರು ಹಾಕಿದರು. ಬ್ಯಾಂಕಿನ ಸಾಲ ಅವರ ಹೆಸರಿನಲ್ಲಿ ದೊರೆತುದರಿಂದ ಆರ್‌.ಸಿ. ಅವರ ಹೆಸರಿಗಾಯಿತು, ವಿಮಾ ಪಾಲಿಸಿಯೂ ಅವರ ಹೆಸರಿಗೇ ಆಯಿತು. ಹೆಸರು ಯಾರದಾದರೇನು ಎಂದು ಅಂದು ನಾವು ಯಾರೂ ಯೋಚಿಸಲಿಲ್ಲ.

ಆ ಕಾರು ನಾಲ್ವರ ಕೈಯಲ್ಲಿ ಓಡುತ್ತಿತ್ತು. ಹಳ್ಳಿಗಳ ರೈತರನ್ನು ಕಂಡು ಬರಲು ಅಣ್ಣನವರು, ಅವ್ವನನ್ನು ದವಾಖಾನೆಗೆ ಕರೆದೊಯ್ಯಲು ನಾವು, ವಾರಕ್ಕೆರಡು ಬಾರಿ ಹುಬ್ಬಳ್ಳಿಗೆ ಅಣ್ಣನವರ ಮಗ, ರಜೆಗೆ ಬಂದಾಗ ನಮ್ಮ ಮಗಳು. ನಾಲ್ವರ ಬಳಿಯೂ ಲೈಸೆನ್ಸ್ ಇತ್ತು. ಕೀಲಿ ಮಾತ್ರ ಬಾಗಿಲ ಹಿಂದಿನ ಮೊಳೆಗೆ ತೂಗುತ್ತಿತ್ತು, ಬೇಕಾದವರು ತೆಗೆದುಕೊಳ್ಳುತ್ತಿದ್ದರು.

2022ರ ಶ್ರಾವಣದಲ್ಲಿ ಅಣ್ಣನವರು ಲಿಂಗೈಕ್ಯರಾದರು. ದಿನಕರ್ಮಗಳು ಮುಗಿದ ಮೇಲೆ ಒಂದೊಂದಾಗಿ ಕಾಗದಪತ್ರಗಳ ಕೆಲಸ ಬೆನ್ನು ಹತ್ತಿತು. ಅಂಗಡಿಯ ಪರವಾನಿಗೆ ಮಗನ ಹೆಸರಿಗಾಯಿತು, ಬ್ಯಾಂಕಿನ ಖಾತೆ ಮುಚ್ಚಿತು, ಹೊಲದ ಉತಾರಕ್ಕೆ ವಾರಸಾ ಅರ್ಜಿ ಕೊಟ್ಟೆವು. ಕಾರಿನ ಮಾತು ಬಂದ ದಿನ ಅತ್ತಿಗೆಯವರು ಸೆರಗಿನಿಂದ ಕಣ್ಣೊರೆಸಿಕೊಂಡು, “ಎಲ್ಲಾ ಕಡಿಂದಾನೂ ಅವರ ಹೆಸರು ತಗೀಲಿಕ್ಕೆ ಹತ್ತೀರಿ. ಗಾಡಿ ಮ್ಯಾಲರ ಇರ್ಲಿ ಬಿಡ್ರಿ,” ಎಂದರು. ನಮಗೂ ಆ ಮಾತು ಸರಿಯೆನಿಸಿತು. ಕಾರು ಕದಲುವುದಕ್ಕೆ ಪೆಟ್ರೋಲು ಸಾಕು, ಹೆಸರು ಏಕೆ ಬೇಕು? ಹೀಗೆ ಆ ಕೆಲಸ ಉಳಿಯಿತು.

ಮುಂದಿನ ಏಪ್ರಿಲಿನಲ್ಲಿ ಪಾಲಿಸಿಯ ನವೀಕರಣದ ಸೂಚನೆ ಅಣ್ಣನವರ ಮೊಬೈಲಿಗೇ ಬಂದಿತು. ಆ ಮೊಬೈಲನ್ನು ಹುಡುಗ ತನ್ನ ಬಳಿ ಇರಿಸಿಕೊಂಡಿದ್ದನು. ತಡಮಾಡದೆ ಹಣ ತುಂಬಿದನು, ಹತ್ತು ನಿಮಿಷದಲ್ಲಿ ಹೊಸ ಪಾಲಿಸಿ ಬಂದಿತು. ಹೆಸರಿನ ಹಿಂದೆ ‘ಶ್ರೀ’ ಎಂದೇ ಇತ್ತು. ಸಮಯಕ್ಕೆ ಸರಿಯಾಗಿ ವಿಮೆ ತುಂಬಿದ ಹುಡುಗನ ಜವಾಬ್ದಾರಿಯನ್ನು ಕಂಡು ನಾವು ಸಂತೋಷಪಟ್ಟೆವೆಂಬುದನ್ನೂ ಇಲ್ಲಿ ಮುಚ್ಚಿಡಬಾರದು.

ಅದೇ ಮೇ ತಿಂಗಳಲ್ಲಿ ಧಾರವಾಡದ ಲಗ್ನವೊಂದನ್ನು ಮುಗಿಸಿಕೊಂಡು ಹಿಂದಿರುಗುತ್ತಿದ್ದಾಗ ಅಣ್ಣಿಗೇರಿಯ ಸಮೀಪ ಕತ್ತಲಲ್ಲಿ ಎಮ್ಮೆಯೊಂದು ಅಡ್ಡ ಬಂದಿತು. ಹುಡುಗ ಅದನ್ನು ಉಳಿಸಲು ಹೋಗಿ ಸಣ್ಣ ಸೇತುವೆಯ ಕಟ್ಟೆಗೆ ಕಾರನ್ನು ಹಾಯಿಸಿದನು. ಅವನ ಹೆಗಲ ಬಳಿಯ ಎಲುಬು ಮುರಿಯಿತು. ಹಿಂದೆ ಕುಳಿತಿದ್ದ ಅತ್ತಿಗೆಯವರ ಹಣೆಗೆ ಮೂರು ಹೊಲಿಗೆ ಬಿದ್ದವು. ಮುಂದೆ ಕುಳಿತಿದ್ದ ನಮಗೆ ಬೆಲ್ಟಿನ ದೆಸೆಯಿಂದ ಎದೆನೋವಿನ ಹೊರತು ಏನೂ ಆಗಲಿಲ್ಲ. ಎಮ್ಮೆ ಎದ್ದು ಹೋಯಿತು. ಗ್ಯಾರೇಜಿನವರು 1,42,000 ರೂಪಾಯಿಗಳ ಅಂದಾಜು ಪಟ್ಟಿ ಕೊಟ್ಟರು.

ಕಂಪನಿಯ ಸರ್ವೇಯರ್ ಸಂಭಾವಿತ ವ್ಯಕ್ತಿ. ಕಾರನ್ನು ಸುತ್ತಿ ನೋಡಿ, ಚಿತ್ರ ತೆಗೆದುಕೊಂಡು, ಕೊನೆಗೆ, “ಮಾಲೀಕರ ಸಹಿ ಬೇಕಿತ್ತು,” ಎಂದರು. ಮಾಲೀಕರು ತೀರಿಕೊಂಡು ಒಂಬತ್ತು ತಿಂಗಳಾಯಿತೆಂದು ಹೇಳಿದೆವು. ಅವರು ಬರೆಯುವುದನ್ನು ನಿಲ್ಲಿಸಿ, “ಇದನ್ನು ಮೊದಲೇ ತಿಳಿಸಬೇಕಾಗಿತ್ತು ಸರ್,” ಎಂದಷ್ಟೇ ಹೇಳಿ ಹೋದರು. ಮೂರು ವಾರಗಳ ನಂತರ ಪತ್ರ ಬಂದಿತು. ಮೃತರ ಹೆಸರಿನಲ್ಲಿ ಮಾಡಿದ ಕರಾರು ಊರ್ಜಿತವಾಗದ ಕಾರಣ ಪರಿಹಾರ ಕೊಡಲಾಗುವುದಿಲ್ಲ, ತುಂಬಿದ ಕಂತನ್ನು ಹಿಂದಿರುಗಿಸಲಾಗುವುದು ಎಂದು ಅದರಲ್ಲಿತ್ತು. ಆ ಪತ್ರದ ವಿಳಾಸದಲ್ಲಿ ಇದ್ದುದು ಅಣ್ಣನವರದೇ ಹೆಸರು. ಹುಡುಗ ಕೈಗೆ ಪಟ್ಟಿ ಕಟ್ಟಿಕೊಂಡು ಮಂಚದ ಮೇಲೆ ಕುಳಿತಿದ್ದವನು, “ಕಾಕಾ, ರೊಕ್ಕಾ ತಗೊಳ್ಳುವಾಗ ಅಪ್ಪಾ ಇದ್ರು, ಕೊಡುವಾಗ ಇಲ್ಲ ಅಂದ್ರ ಹೆಂಗ್ರಿ ಇದು?” ಎಂದು ಕೇಳಿದನು. ಒಳಗಿನಿಂದ ಅತ್ತಿಗೆಯವರಿಗೆ ಅದು ಕೇಳಿಸಿತು. ಆ ರಾತ್ರಿ ಅವರು ಊಟ ಮಾಡಲಿಲ್ಲ.

ಅಂದು ನಾವು ಪಾಲಿಸಿಯ ಹಾಳೆಗಳನ್ನು ಮೊದಲಿನಿಂದ ಕೊನೆಯವರೆಗೆ ಓದಲು ಕುಳಿತೆವು. ಮೂವತ್ತು ವರ್ಷ ಮಕ್ಕಳಿಗೆ ಪಾಠವನ್ನು ಗಮನವಿಟ್ಟು ಓದಿರೆಂದು ಹೇಳಿದವರು ನಾವು. ಏಳು ವರ್ಷದಲ್ಲಿ ಆ ಹಾಳೆಗಳನ್ನು ಒಮ್ಮೆಯೂ ತಿರುವಿರಲಿಲ್ಲ. ಆಗ ತಿಳಿದದ್ದನ್ನೂ, ಅನಂತರ ಬಲ್ಲವರಿಂದ ಕೇಳಿ ಖಚಿತಪಡಿಸಿಕೊಂಡದ್ದನ್ನೂ ನಮ್ಮ ಬಂಧುಗಳ ಮುಂದಿಡುವುದು ಕರ್ತವ್ಯವೆನಿಸಿದೆ.

ಮೊದಲು ಸಮಾಧಾನದ ಮಾತು. ನಮ್ಮ ದೇಶದಲ್ಲಿ ಕಾರಿನ ವಿಮೆ ಕಾರನ್ನು ಹಿಂಬಾಲಿಸುತ್ತದೆ. ಮನೆಯಲ್ಲಿ ಯಾರು ಯಾರು ಓಡಿಸುವರೆಂದು ಹೆಸರು ಬರೆಸಬೇಕಾಗಿಲ್ಲ. ಊರ್ಜಿತವಾದ ಲೈಸೆನ್ಸ್ ಇದ್ದು, ಮಾಲೀಕರ ಅನುಮತಿಯಿಂದ ಯಾರು ಓಡಿಸಿದರೂ ಪಾಲಿಸಿಗೆ ಸಮ್ಮತ. ಅಮೆರಿಕದ ನ್ಯೂಜೆರ್ಸಿಯಲ್ಲಿರುವ ನಮ್ಮ ಬೀಗರು ಈ ಮಾತು ಕೇಳಿ ಆಶ್ಚರ್ಯಪಟ್ಟರು. ಅಲ್ಲಿ ಒಂದೇ ಸೂರಿನಡಿ ಇರುವ ಚಾಲಕರೆಲ್ಲರನ್ನೂ ಕಂಪನಿಗೆ ತಿಳಿಸಬೇಕಂತೆ, ಹರೆಯದ ಮಗ ಲೈಸೆನ್ಸ್ ಪಡೆದ ಕೂಡಲೇ ಕಂತು ಏರುವುದಂತೆ. ನಮ್ಮಲ್ಲಿ ಆ ತೊಡಕಿಲ್ಲ. ಆದರೆ ಲೈಸೆನ್ಸ್ ಅವಧಿ ತೀರಿದವನು ಓಡಿಸಿದರೆ ಪರಿಹಾರ ನಿಲ್ಲಬಹುದು. ಹದಿನೆಂಟು ತುಂಬದ ಮಗನಿಗೆ ಕೀಲಿ ಕೊಟ್ಟರಂತೂ 2019ರ ತಿದ್ದುಪಡಿಯ ಪ್ರಕಾರ ಪಾಲಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆಮನೆ, 25,000 ರೂಪಾಯಿ ದಂಡ, ಮತ್ತು ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಜಾತ್ರೆಯ ದಿನ ತೇರು ಬಯಲಿನವರೆಗೆ ಮಾತ್ರ ಎಂದು ಹುಡುಗರ ಕೈಗೆ ಕಾರು ಕೊಡುವ ತಂದೆಯರನ್ನು ನಾವು ಕಂಡಿದ್ದೇವೆ.

ಸಮಾಧಾನ ಇಲ್ಲಿಗೆ ಮುಗಿಯಿತು. ಪಾಲಿಸಿ ಯಾರ ಕೈಯನ್ನಾದರೂ ಒಪ್ಪುತ್ತದೆ, ಆದರೆ ಕರಾರು ಮಾತ್ರ ಒಬ್ಬರೊಂದಿಗೆ. ಆ ಒಬ್ಬರು ತೀರಿಕೊಂಡರೆ ಪಾಲಿಸಿ ಕೂಡಲೇ ಸಾಯುವುದಿಲ್ಲ. ಮೂರು ತಿಂಗಳು, ಅಥವಾ ಅದರ ಅವಧಿ ಮುಗಿಯುವವರೆಗೆ, ಇವುಗಳಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ಜೀವ ಹಿಡಿದಿರುತ್ತದೆ. ಅಷ್ಟರೊಳಗೆ ವಾರಸುದಾರರು ಮರಣ ಪ್ರಮಾಣಪತ್ರ, ಹಕ್ಕಿನ ದಾಖಲೆ, ಮೂಲ ಪಾಲಿಸಿ ಒಯ್ದು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು, ಇಲ್ಲವೆ ಹೊಸ ಪಾಲಿಸಿ ಪಡೆಯಬೇಕು. ಇದು ಪಾಲಿಸಿಯ ಷರತ್ತುಗಳಲ್ಲಿಯೇ ಅಚ್ಚಾಗಿದೆ. ಆರ್‌.ಟಿ.ಓ. ಕಚೇರಿಯ ನಿಯಮವೂ ಇದರ ಜೊತೆಗೇ ಹೆಜ್ಜೆ ಹಾಕುತ್ತದೆ. ಮಾಲೀಕರು ತೀರಿದ ಮೂವತ್ತು ದಿನಗಳೊಳಗೆ ಅಲ್ಲಿಗೆ ತಿಳಿಸಬೇಕು, ಮೂರು ತಿಂಗಳೊಳಗೆ ಫಾರಂ 31ರಲ್ಲಿ ಹೆಸರು ಬದಲಾವಣೆಗೆ ಅರ್ಜಿ ಕೊಡಬೇಕು. ಆ ಮೂರು ತಿಂಗಳು ವಾರಸುದಾರರು ತಮ್ಮದೇ ಎಂಬಂತೆ ಗಾಡಿಯನ್ನು ಬಳಸಬಹುದು. ನಾವು ಎರಡನ್ನೂ ಮಾಡಲಿಲ್ಲ. ಶ್ರಾವಣದಿಂದ ಎಣಿಸಿದರೆ ಕಾರ್ತಿಕದ ಹೊತ್ತಿಗೇ ನಮ್ಮ ಪಾಲಿಸಿ ತೀರಿತ್ತು. ಏಪ್ರಿಲಿನಲ್ಲಿ ಹುಡುಗ ತುಂಬಿದ ಹಣ ಇಲ್ಲದವರ ಹೆಸರಿಗೆ ಹೋಯಿತು.

ಪತ್ರ ಬಂದ ಸಿಟ್ಟಿನಲ್ಲಿ ಕೆಲವರು ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಅವರಿಗೆ ದೂರು ಕೊಡಿರೆಂದು ಸಲಹೆಯಿತ್ತರು. ಕಂಪನಿ ಕೈಬಿಟ್ಟ ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಅಲ್ಲಿ ದೂರು ಸಲ್ಲಿಸಬಹುದು, ನ್ಯಾಯವುಳ್ಳವರು ಅವಶ್ಯ ಹೋಗಬೇಕು. ನಮ್ಮ ಕಡೆ ಹೇಳಿಕೊಳ್ಳಲು ಏನಿತ್ತು? ಮರಣದ ಸುದ್ದಿಯನ್ನು ತಿಳಿಸದೆ ಉಳಿದವರು ನಾವು. ಹೋಗಲಿಲ್ಲ. ಗ್ಯಾರೇಜಿನ ಹಣವನ್ನು ಮಗಳ ಲಗ್ನಕ್ಕೆಂದು ಇಟ್ಟಿದ್ದ ಠೇವಣಿ ಮುರಿದು ಕೊಟ್ಟೆವು.

ಹಣ ಹೋದದ್ದಕ್ಕಿಂತ ನಮ್ಮನ್ನು ಹೆಚ್ಚು ಬೆಚ್ಚಿಸಿದ್ದು ಬೇರೊಂದು ಸಾಲು. ಪ್ರತಿ ವರ್ಷ ಕಂತಿನೊಳಗೆ ‘ಮಾಲೀಕ-ಚಾಲಕರ ವೈಯಕ್ತಿಕ ಅಪಘಾತ ವಿಮೆ’ ಎಂದು ಒಂದು ಮೊತ್ತ ಸೇರುತ್ತಿತ್ತು. 2018ರಿಂದ ಇದರ ಮೊತ್ತ 15 ಲಕ್ಷ ರೂಪಾಯಿ. ಕಾರು ಓಡಿಸುವ ಯಾರಿಗೆ ಏನಾದರೂ ಅದು ಬರುವುದೆಂದೇ ನಾವು ತಿಳಿದಿದ್ದೆವು. ಹಾಗಿಲ್ಲ. ಆರ್‌.ಸಿ.ಯಲ್ಲಿ ಹೆಸರಿರುವವರು, ಪಾಲಿಸಿಯಲ್ಲಿ ಹೆಸರಿರುವವರು, ಲೈಸೆನ್ಸ್ ಉಳ್ಳವರು, ಈ ಮೂವರೂ ಒಬ್ಬರೇ ಆಗಿದ್ದರೆ ಮಾತ್ರ ಆ ರಕ್ಷಣೆ. ಅಣ್ಣನವರು ಬದುಕಿದ್ದ ಕಾಲದಲ್ಲಿಯೂ ಅವರ ಮಗ ಸ್ಟಿಯರಿಂಗ್ ಹಿಡಿದಾಗ ಆ 15 ಲಕ್ಷ ಅವನ ಪಾಲಿಗೆ ಇರಲಿಲ್ಲ. ನಾವು ಹಿಡಿದಾಗ ನಮಗೂ ಇರಲಿಲ್ಲ. ಏಳು ವರ್ಷ ಮನೆಯ ಮೂವರು ಯಾವ ಆಸರೆಯೂ ಇಲ್ಲದೆ ಹುಬ್ಬಳ್ಳಿ ರಸ್ತೆಯಲ್ಲಿ ತಿರುಗಾಡಿದ್ದೆವು.

ಇದು ಕೇವಲ ಅಚ್ಚಿನ ಅಕ್ಷರವಲ್ಲವೆಂಬುದಕ್ಕೆ ನಮ್ಮ ಸೀಮೆಯದೇ ಒಂದು ಪ್ರಕರಣವಿದೆ. ಇಳಕಲ್-ಕುಷ್ಟಗಿ ಹೆದ್ದಾರಿಯಲ್ಲಿ ಒಬ್ಬರು ಮತ್ತೊಬ್ಬರಿಂದ ಕೇಳಿ ಪಡೆದ ಮೋಟಾರ್ ಸೈಕಲ್ಲಿನಲ್ಲಿ ಹೋಗುತ್ತಿದ್ದಾಗ ಮುಂದೆ ಸಾಗುತ್ತಿದ್ದ ಎತ್ತಿನ ಬಂಡಿಗೆ ಬಡಿದು ಮೃತರಾದರು. ತಪ್ಪು ಯಾರದೆಂದು ಸಾಧಿಸದೆಯೇ ಪರಿಹಾರ ಕೇಳಲು ಅಂದು ಕಾಯಿದೆಯಲ್ಲಿದ್ದ ಕಲಮಿನಡಿ ಅವರ ಪತ್ನಿ ಅರ್ಜಿ ಹಾಕಿದರು. 2009ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದ್ದೇನೆಂದರೆ, ಕೇಳಿ ಪಡೆದು ಓಡಿಸುವವನು ಮಾಲೀಕನ ಸ್ಥಾನದಲ್ಲಿಯೇ ನಿಲ್ಲುತ್ತಾನೆ, ಮಾಲೀಕನು ತನ್ನದೇ ಗಾಡಿಯ ವಿಮೆಯಿಂದ ಮೂರನೆಯವನಂತೆ ಪರಿಹಾರ ಕೇಳಲಾರ, ಆದ್ದರಿಂದ ಇವನಿಗೂ ಆ ಕಲಂ ದೊರೆಯದು. ಬೇರೆ ಕಲಮಿನಡಿ ವಿಚಾರಿಸಲು ಪ್ರಕರಣವನ್ನು ಉಚ್ಚ ನ್ಯಾಯಾಲಯಕ್ಕೆ ಹಿಂದಿರುಗಿಸಿತೆಂಬುದು ನಿಜ, ಆದರೆ ಹೇಳಿದ ತತ್ತ್ವವನ್ನು 2020ರಲ್ಲಿ ಮತ್ತೊಮ್ಮೆ ದೃಢಪಡಿಸಿತು. 2025ರ ಜುಲೈಯಲ್ಲಿ ಅರಸೀಕೆರೆಯ ಕಡೆಯ ಇನ್ನೊಂದು ಪ್ರಕರಣದಲ್ಲಿ, ಅತಿವೇಗದಿಂದ ತಾನೇ ಅಪಘಾತ ಮಾಡಿಕೊಂಡು ಮೃತನಾದವನ ಮನೆಯವರಿಗೆ ಪರಿಹಾರವಿಲ್ಲವೆಂದು ನಮ್ಮ ಉಚ್ಚ ನ್ಯಾಯಾಲಯ ಕೊಟ್ಟಿದ್ದ ತೀರ್ಪಿನಲ್ಲಿ ಕೈಹಾಕಲು ಅದು ಒಪ್ಪಲಿಲ್ಲ. ಅಪ್ಪನ ಕಾರು ಮಗನಿಗೆ, ಅಣ್ಣನ ಕಾರು ತಮ್ಮನಿಗೆ ‘ಕೇಳಿ ಪಡೆದದ್ದು’ ಎಂದು ನಮ್ಮ ಮನಸ್ಸು ಒಪ್ಪುವುದಿಲ್ಲ. ನ್ಯಾಯಾಲಯದ ಲೆಕ್ಕ ಅದೇ.

ಹಿಂದೆ ಕುಳಿತ ಅತ್ತಿಗೆಯವರ ಮಾತು ಬೇರೆ. ಪೂರ್ಣ ಪಾಲಿಸಿ, ಅಂದರೆ ಪ್ಯಾಕೇಜ್ ಪಾಲಿಸಿ ಇದ್ದರೆ ಖಾಸಗಿ ಕಾರಿನೊಳಗೆ ಕುಳಿತವರಿಗೂ ಅದು ಉತ್ತರ ಹೇಳುತ್ತದೆ. ಬರಿಯ ಥರ್ಡ್ ಪಾರ್ಟಿ ಪಾಲಿಸಿಯಾದರೆ ಹೊರಗಿನವರಿಗೆ ಆದ ಹಾನಿಗೆ ಮಾತ್ರ. ಕಾರು ಹಳೆಯದಾಯಿತು, ಡೆಂಟು ಬಿದ್ದರೆ ಬೀಳಲಿ ಎಂದು ಬರಿಯ ಥರ್ಡ್ ಪಾರ್ಟಿ ತುಂಬಿ ನಾಲ್ಕು ಸಾವಿರ ಉಳಿಸುವ ಯಜಮಾನರು ಉಳಿಸಿದ್ದು ತಗಡಿನ ಖರ್ಚನ್ನಲ್ಲ. ಆ ಕಾರಿನಲ್ಲಿ ಕೂಡಲಸಂಗಮಕ್ಕೆ ಕರೆದೊಯ್ಯುವ ತಾಯಿಯ, ಹೆಂಡತಿಯ, ಮೊಮ್ಮಕ್ಕಳ ರಕ್ಷಣೆಯನ್ನು ಅವರು ಬಿಟ್ಟುಕೊಟ್ಟಿದ್ದಾರೆ. ಹೊಸ ಕಾರಿನವರಿಗೂ ಒಂದು ಎಚ್ಚರಿಕೆ. 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಥರ್ಡ್ ಪಾರ್ಟಿ ವಿಮೆಯನ್ನು ಒಮ್ಮೆಲೇ ಮೂರು ವರ್ಷಕ್ಕೆ ತೆಗೆದುಕೊಳ್ಳಬೇಕಾಗಿದೆ. ಸ್ವಂತ ಹಾನಿಯ ಭಾಗ ಒಂದೇ ವರ್ಷದ್ದಾಗಿರಬಹುದು. ಮೂರು ವರ್ಷದ ವಿಮೆ ಇದೆಯಲ್ಲ ಎಂದು ನಂಬಿ ಎರಡನೆಯ ವರ್ಷ ಅರ್ಧ ವಿಮೆಯಲ್ಲಿ ಓಡಾಡುತ್ತಿರುವ ಮನೆಗಳು ನಮಗೆ ತಿಳಿದಂತೆಯೇ ಎರಡಿವೆ.

ಇನ್ನು ಕಾರನ್ನು ಯಾರ ಹೆಸರಿಗೆ ಮಾಡಿಸುವುದು? ಈ ಪ್ರಶ್ನೆ ನಮ್ಮನ್ನು ಒಂದು ಇಕ್ಕಟ್ಟಿನ ಜಾಗಕ್ಕೆ ತಂದು ನಿಲ್ಲಿಸಿತು. ಮೃತ್ಯುಪತ್ರ ಇರಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ವೀರಶೈವ, ಲಿಂಗಾಯತರಿಗೂ ಅನ್ವಯಿಸುವುದೆಂದು ಅದರ 2ನೆಯ ಕಲಮಿನಲ್ಲಿಯೇ ಹೆಸರು ಹಿಡಿದು ಹೇಳಿದೆ. ಅದರಂತೆ ಅಣ್ಣನವರ ಮೊದಲ ವರ್ಗದ ವಾರಸುದಾರರು ಅವ್ವ, ಅತ್ತಿಗೆಯವರು, ಮಗ ಮತ್ತು ಕಲಬುರಗಿಗೆ ಕೊಟ್ಟ ಮಗಳು. ತಮ್ಮನಿಗೆ ಅಲ್ಲಿ ಸ್ಥಾನವಿಲ್ಲ. ಅರ್ಧ ಮುಂಗಡ ಕೊಟ್ಟವರು ನಾವೆಂಬುದು ಯಾವ ಕಾಗದದಲ್ಲಿಯೂ ಇರಲಿಲ್ಲ. ವಕೀಲರು ಇದನ್ನು ಸಹಜವಾಗಿ ಹೇಳಿದರು, ನಾವೂ ಸಹಜವಾಗಿಯೇ ತಲೆಯಾಡಿಸಿದೆವು. ಮನೆಗೆ ಬರುವಾಗ ದಾರಿಯಲ್ಲಿ ಮಾತ್ರ ಒಂದು ಬಗೆಯ ಮೌನ ಆವರಿಸಿತು. ಏಳು ವರ್ಷ ‘ನಮ್ಮ ಗಾಡಿ’ ಎಂದು ಕರೆದದ್ದರಲ್ಲಿ ನಮ್ಮದು ಒಂದು ಚಕ್ರವೂ ಇರಲಿಲ್ಲ.

ನಾಲ್ವರೂ ಒಪ್ಪಿ ಒಬ್ಬರಿಗೆ ಬಿಟ್ಟುಕೊಟ್ಟರೆ ಕೆಲಸ ಸುಲಭ. ನಾವು ಮೊದಲು ಅತ್ತಿಗೆಯವರ ಹೆಸರೆಂದೆವು, ಅದು ಹಿರಿತನಕ್ಕೆ ಸಲ್ಲುವ ಗೌರವ. ಆದರೆ ಅವರಿಗೆ ಲೈಸೆನ್ಸ್ ಇಲ್ಲ. ಹಾಗಾದರೆ ಮಾಲೀಕ-ಚಾಲಕರ 15 ಲಕ್ಷದ ವಿಮೆ ಯಾರಿಗೂ ಸಿಗುತ್ತಿರಲಿಲ್ಲ, ದಿನವೂ ಓಡಿಸುವ ಹುಡುಗ ಮತ್ತೆ ಬರಿಗೈಯವನಾಗುತ್ತಿದ್ದನು. ಅತ್ತಿಗೆಯವರೇ, “ಯಾರು ಓಡಿಸ್ತಾರ ಅವರ ಹೆಸರಿಗೇ ಆಗ್ಲಿ. ನನಗೆ ಹೆಸರು ಬ್ಯಾಡ, ಹುಡುಗ ಬೇಕು,” ಎಂದರು. ಹಿಂದೆ ಹೆಸರು ಇರಲಿ ಬಿಡಿರೆಂದವರೂ ಅವರೇ.

ಅಫಿಡವಿಟ್ಟಿಗೆ ಅವ್ವನ ಒಪ್ಪಿಗೆ ಬೇಕಾಗಿತ್ತು. ಎಂಬತ್ತನಾಲ್ಕು ವರ್ಷದ ಆಕೆಗೆ ಏನು ಬರೆದಿದೆಯೆಂದು ಓದಿ ಹೇಳಿದೆವು. ಆಕೆ ಕೇಳಿ, “ಅಂವಾ ಹ್ವಾದ ಮ್ಯಾಲೆ ನಾ ಒತ್ತಿದ್ದು ಇದು ಎಷ್ಟನೇದಪ್ಪ?” ಎಂದಳು. ಐದನೆಯದೋ ಆರನೆಯದೋ ಇದ್ದೀತು. ಹೆಬ್ಬೆಟ್ಟಿನ ಶಾಯಿಯನ್ನು ತಾನೇ ಸೀರೆಗೆ ಒರೆಸಿಕೊಂಡಳು.

ಬ್ಯಾಂಕಿನ ಸಾಲ ತೀರಿ ಎರಡು ವರ್ಷವಾಗಿದ್ದರೂ ಆರ್‌.ಸಿ.ಯಲ್ಲಿ ಬ್ಯಾಂಕಿನ ಹೆಸರು ಹಾಗೆಯೇ ಇದ್ದುದು ಆರ್‌.ಟಿ.ಓ. ಕಚೇರಿಗೆ ಹೋದ ಮೇಲೆ ಗೊತ್ತಾಯಿತು. ಅದಕ್ಕೆ ಫಾರಂ 35, ಬ್ಯಾಂಕಿನ ಪತ್ರ, ಮತ್ತೆ ಒಂದು ತಿರುಗಾಟ. ಎಲ್ಲವೂ ಮುಗಿದಾಗ ಜುಲೈ ದಾಟಿತ್ತು. ಹೊಸ ಪಾಲಿಸಿಯಲ್ಲಿ ನೋ ಕ್ಲೇಮ್ ಬೋನಸ್ ಕೇಳಿದೆವು. ಅಣ್ಣನವರು ಒಮ್ಮೆಯೂ ಪರಿಹಾರ ಕೇಳದೆ ಗಳಿಸಿದ್ದ ಶೇಕಡಾ 50ರ ರಿಯಾಯಿತಿ ಅದು. ಈ ರಿಯಾಯಿತಿ ಕಾರಿನದಲ್ಲ, ಮಾಲೀಕನದು. ಕಾರನ್ನು ಮಾರಿದರೆ ಕೊಂಡವನಿಗೆ ಹೋಗುವುದಿಲ್ಲ. ಮರಣದಿಂದ ಕಾರು ಪತ್ನಿಗೆ, ಮಕ್ಕಳಿಗೆ ಅಥವಾ ತಂದೆತಾಯಿಗಳಿಗೆ ಬಂದಾಗ ಮಾತ್ರ ಅವರಿಗೆ ಸಲ್ಲುತ್ತದೆ. ಆದರೆ ಪಾಲಿಸಿ ತೀರಿದ 90 ದಿನಗಳೊಳಗೆ ಮುಂದುವರಿಸಬೇಕು. ನಮ್ಮದು ಆ ಗಡುವನ್ನೂ ಮೀರಿತ್ತು. ಅಣ್ಣನವರು ಜೋಪಾನವಾಗಿ ಕಾರು ಓಡಿಸಿ ಮಗನಿಗೆ ಬಿಟ್ಟು ಹೋಗಿದ್ದ ಒಂದು ಸಣ್ಣ ಆಸ್ತಿ ನಮ್ಮ ಅಸಡ್ಡೆಯಿಂದ ಕೈಬಿಟ್ಟಿತು. ಠೇವಣಿ ಮುರಿದಾಗ ಆಗದ ಸಂಕಟ ಇದರಿಂದ ನಮಗೆ ಆಯಿತು.

ಈಗ ಆರ್‌.ಸಿ.ಯೂ ಪಾಲಿಸಿಯೂ ಹುಡುಗನ ಹೆಸರಿನಲ್ಲಿವೆ, 15 ಲಕ್ಷದ ಸಾಲು ಅವನಿಗೆ ಅನ್ವಯಿಸುತ್ತದೆ. ಜೊತೆಗೆ ಕುಳಿತವರಿಗೆಂದು ಹೆಸರು ಬರೆಯದ ಪ್ರಯಾಣಿಕರ ಅಪಘಾತ ವಿಮೆಯನ್ನು ಸ್ವಲ್ಪ ಹೆಚ್ಚು ಕಂತು ಕೊಟ್ಟು ಸೇರಿಸಿದ್ದೇವೆ. ನಾವೂ ಮಗಳೂ ಆಗಾಗ ಓಡಿಸುವವರು, ಕಾರಿನ ಪಾಲಿಸಿ ನಮ್ಮ ಮೈಯನ್ನು ಕಾಯುವುದಿಲ್ಲವಾದ್ದರಿಂದ ಇಬ್ಬರೂ ಬೇರೆಯಾಗಿ ವೈಯಕ್ತಿಕ ಅಪಘಾತ ಪಾಲಿಸಿ ಮಾಡಿಸಿದ್ದೇವೆ. ಕಳೆದ ಸುಗ್ಗಿಯಲ್ಲಿ ಹುಡುಗ ಆರು ಚೀಲ ಮೆಣಸಿನಕಾಯಿಯನ್ನು ಕಾರಿನಲ್ಲಿಯೇ ಬ್ಯಾಡಗಿಗೆ ಒಯ್ಯಲು ಹೊರಟಿದ್ದನು. ಖಾಸಗಿ ಕಾರಿನ ಪಾಲಿಸಿ ಸ್ವಂತ ಸಾಮಾನು, ಮಾದರಿ ಸರಕು ಬಿಟ್ಟು ಮಾಲು ಸಾಗಿಸುವುದನ್ನು ಒಪ್ಪುವುದಿಲ್ಲವೆಂದು ತಡೆದೆವು. ಬಾಡಿಗೆ ಪಡೆದು ಬೀಗರ ಲಗ್ನಕ್ಕೆ ಕಳಿಸುವುದೂ ಹಾಗೆಯೇ. ಟೆಂಪೋದ ಬಾಡಿಗೆ ಎಷ್ಟೆಂದು ಅವನು ಸ್ವಲ್ಪ ಗೊಣಗಿದನು, ನಾವು ಗ್ಯಾರೇಜಿನ ಪಟ್ಟಿಯನ್ನು ನೆನಪಿಸಿದೆವು.

ಈ ಸಂಗತಿ ನಮ್ಮ ಬಂಧುಬಳಗದಲ್ಲಿ ಹರಡಿದ ಮೇಲೆ ಹಲವರು ತಮ್ಮ ತಮ್ಮ ಆರ್‌.ಸಿ. ತೆಗೆದು ನೋಡಿದ್ದಾರೆ. ಅಳಿಯನಿಗೆ ಹಳೆಯ ಕಾರನ್ನು ಕೊಟ್ಟು ಐದು ವರ್ಷವಾದರೂ ಹೆಸರು ಬದಲಿಸದವರೊಬ್ಬರು ಗಾಬರಿಯಾಗಿ ಕರೆ ಮಾಡಿದರು. ಅವರ ಗಾಬರಿ ಸಕಾರಣವಾದುದು. ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಕಾನೂನಿನ ದೃಷ್ಟಿಯಲ್ಲಿ ಮಾಲೀಕರೆಂದು 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಅಳಿಯ ಎಲ್ಲಿಯೋ ಯಾರಿಗೋ ಹಾಯಿಸಿದರೆ ನೋಟೀಸು ಮಾವನ ಬಾಗಿಲಿಗೆ ಬರುತ್ತದೆ. ಕೊಟ್ಟ ಹದಿನಾಲ್ಕು ದಿನಗಳೊಳಗೆ ಪಾಲಿಸಿಯ ಹೆಸರು ಬದಲಾವಣೆಗೂ ಅರ್ಜಿ ಹೋಗಬೇಕಾಗಿತ್ತು.

ನಮ್ಮ ಓಣಿಯ ನಿವೃತ್ತ ತಲಾಠಿಗಳೊಬ್ಬರು ನಿನ್ನೆ ಸಂಜೆ ಬಂದಿದ್ದರು. ಊರಿನ ಎಲ್ಲರ ವಾರಸಾ ಬರೆದು ಕೈ ಸವೆಸಿದವರು. ಅವರ ತಂದೆಯವರು ತೀರಿ ಮೂರು ವರ್ಷವಾಗಿದೆ, ಮನೆಯ ಕಾರು ಇನ್ನೂ ಅವರ ಹೆಸರಿನಲ್ಲಿಯೇ ಇದೆ, ಮೊಮ್ಮಗ ದಿನವೂ ಕಾಲೇಜಿಗೆ ಒಯ್ಯುತ್ತಾನೆ. ಮರಣ ಪ್ರಮಾಣಪತ್ರದ ಪ್ರತಿಗಳು ಎಷ್ಟು ಬೇಕಾಗುವುವೆಂದು ಕೇಳಿದರು. ನಾಲ್ಕು ಮಾಡಿಸಿ ಎಂದು ಹೇಳಿದ್ದೇವೆ. ಸೋಮವಾರ ಅವರೊಂದಿಗೆ ಆರ್‌.ಟಿ.ಓ. ಕಚೇರಿಗೆ ನಾವೂ ಹೋಗುವವರಿದ್ದೇವೆ. ಆ ಹುಡುಗ ಅಲ್ಲಿಯವರೆಗೆ ಬಸ್ಸಿನಲ್ಲಿ ಹೋಗಿ ಬರುವುದಾಗಿ ಒಪ್ಪಿದ್ದಾನೆ.